ರಾಷ್ಟ್ರವೆಂದರೆ ಒಂದು ದ್ವೀಪ: ಮಾಲ್ಡೀವ್ಸ್‌ನ ಹೆಸರು ಮತ್ತು ದಿವೆಹಿ ನುಡಿ

ಭಾರತದ ನೈರುತ್ಯಕ್ಕೆ ಹಿಂದೂ ಮಹಾಸಾಗರದಲ್ಲಿ ಉತ್ತರದಿಂದ ದಕ್ಷಿಣಕ್ಕೆ ಸುಮಾರು 870 ಕಿಲೋಮೀಟರ್ ಉದ್ದಕ್ಕೆ ಹಬ್ಬಿ, ಭೂಮಧ್ಯರೇಖೆಯನ್ನು ದಾಟಿ ತುಸು ಆಚೆಗೆ ಹೋಗಿ ನಿಲ್ಲುವ ಹವಳದ ದ್ವೀಪಸಮೂಹಕ್ಕೆ ಎರಡು ಹೆಸರುಗಳಿವೆ. ಹೊರಲೋಕ ಅದನ್ನು ಮಾಲ್ಡೀವ್ಸ್ ಎನ್ನುತ್ತದೆ. ಅಲ್ಲಿ ಹುಟ್ಟಿ ಬೆಳೆದವರು ದಿವೆಹಿ ರಾಜ್ಜೆ ಎನ್ನುತ್ತಾರೆ. ಮೊದಲನೆಯದು ಹಡಗಿನ ಮೇಲೆ ನಿಂತು ದೂರದಿಂದ ಕಂಡವರು ಕೊಟ್ಟ ಹೆಸರು, ಎರಡನೆಯದು ಮರಳಿನ ಮೇಲೆ ಮನೆ ಕಟ್ಟಿಕೊಂಡವರು ಇಟ್ಟುಕೊಂಡದ್ದು. ‘ದ್ವೀಪ’ ಎಂಬ ಒಂದೇ ಸಂಸ್ಕೃತ ಪದ ಎರಡರಲ್ಲೂ ಅಡಗಿದೆ, ಆದರೆ ಅದು ನಡೆದು ಬಂದ ದಾರಿಗಳು ಬೇರೆ ಬೇರೆ. ದಿವೆಹಿ ಎಂಬುದು ‘ದ್ವೀಪವಾಸಿ’ಯಿಂದ ಸವೆದು ಬಂದ ರೂಪ, ರಾಜ್ಜೆ ಎಂದರೆ ರಾಜ್ಯ; ಹೀಗೆ ಆ ದೇಶದ ಹೆಸರು ‘ದ್ವೀಪವಾಸಿಗಳ ರಾಜ್ಯ’ ಎಂಬಷ್ಟನ್ನೇ ಹೇಳುತ್ತದೆ. ಅವರ ಭಾಷೆಯೂ ‘ದಿವೆಹಿ ಬಸ್’, ಅಂದರೆ ದ್ವೀಪವಾಸಿಗಳ ಭಾಷೆ. ಜನಕ್ಕೂ ನುಡಿಗೂ ನಾಡಿಗೂ ಒಂದೇ ಪದ ಸಾಕಾಗಿರುವ ಈ ದೇಶದಲ್ಲಿ ಸಂಚರಿಸುವ ಕನ್ನಡಿಗನಿಗೆ, ಕಿವಿ ತೆರೆದಿದ್ದರೆ, ಕಡಲಿನಷ್ಟೇ ಮಾತೂ ನೋಡಲು ಸಿಗುತ್ತದೆ.

ದಕ್ಷಿಣ ಭಾರತದಿಂದ ಹೊರಟ ವಿಮಾನ ಇಳಿಯಲು ತೊಡಗಿದಾಗ ಕಿಟಕಿಯಾಚೆ ಮೊದಲು ಕಾಣುವುದು ನೆಲವಲ್ಲ, ಬಳೆಗಳು. ಕಡುನೀಲಿ ನೀರಿನಲ್ಲಿ ತಿಳಿಹಸಿರು ಬಣ್ಣದ ಉಂಗುರಗಳು ಒಂದರ ಪಕ್ಕ ಒಂದು ತೇಲುತ್ತವೆ, ಒಂದೊಂದು ಉಂಗುರದ ಅಂಚಿನಲ್ಲಿ ನಾಲ್ಕಾರು ಹಸಿರು ಚುಕ್ಕೆಗಳು ನಿಂತಿರುತ್ತವೆ. ಹವಳದ ದಿಬ್ಬ ಉಂಗುರಾಕಾರದಲ್ಲಿ ಬೆಳೆದು ನಡುವೆ ತಿಳಿನೀರಿನ ಕೊಳವನ್ನು ಹಿಡಿದಿಟ್ಟುಕೊಂಡಿರುವ ಇಂತಹ ರಚನೆಗೆ ದಿವೆಹಿಯಲ್ಲಿ ‘ಅತೊಳು’ ಎಂದು ಹೆಸರು. ಜಗತ್ತಿನ ಭೂಗೋಳ ಪುಸ್ತಕಗಳಲ್ಲೆಲ್ಲ ಇಂದು ಬಳಕೆಯಲ್ಲಿರುವ ‘ಅಟಾಲ್’ ಎಂಬ ಪಾರಿಭಾಷಿಕ ಪದ ಇದೇ. ಚಾರ್ಲ್ಸ್ ಡಾರ್ವಿನ್ 1842ರಲ್ಲಿ ಹವಳ ದಿಬ್ಬಗಳ ಕುರಿತು ಬರೆದ ಗ್ರಂಥ ಅದನ್ನು ವಿಜ್ಞಾನದ ಮಾತಾಗಿ ನೆಲೆಗೊಳಿಸಿತು. ಈ ದೇಶದಲ್ಲಿ ಅಂತಹ 26 ನೈಸರ್ಗಿಕ ಅತೊಳುಗಳೂ ಸುಮಾರು 1,190 ದ್ವೀಪಗಳೂ ಇವೆ. ಜನವಸತಿ ಇರುವ ದ್ವೀಪಗಳು ಇನ್ನೂರರ ಒಳಗೆ, ಎಲ್ಲ ದ್ವೀಪಗಳ ನೆಲವನ್ನು ಒಟ್ಟುಗೂಡಿಸಿದರೂ 300 ಚದರ ಕಿಲೋಮೀಟರ್ ಆಸುಪಾಸು. ಮೇಲಿನಿಂದ ನೋಡುವವನ ಮನಸ್ಸಿಗೆ ‘ಮಾಲಾ ದ್ವೀಪ’, ದ್ವೀಪಗಳ ಮಾಲೆ, ಎಂಬ ವ್ಯುತ್ಪತ್ತಿ ತಾನಾಗಿ ಒಪ್ಪಿಗೆಯಾಗುತ್ತದೆ. ಸಂಸ್ಕೃತ, ತಮಿಳು, ಮಲಯಾಳಗಳಲ್ಲಿ ಹೂಮಾಲೆಗೆ ಇರುವ ಪದವನ್ನೇ ಹಿಡಿದು ಹೇಳುವ ಈ ವಿವರಣೆ ಎಷ್ಟು ಸುಂದರವೆಂದರೆ, ಅದನ್ನು ಅನುಮಾನಿಸಲು ಮನಸ್ಸೇ ಬಾರದು.

ಆದರೂ ಅನುಮಾನಿಸಬೇಕಾಗುತ್ತದೆ. ಇದಕ್ಕೆ ಎದುರಾಗಿ ನಿಲ್ಲುವ ವಿವರಣೆಗಳಲ್ಲಿ ಒಂದು ಶ್ರೀಲಂಕಾದ ಪಾಳಿ ಚರಿತ್ರೆಗ್ರಂಥವಾದ ಮಹಾವಂಶದಿಂದ ಬಂದದ್ದು. ರಾಜಕುಮಾರ ವಿಜಯನ ಪರಿವಾರದವರು ಗಡಿಪಾರಾಗಿ ಮೂರು ಹಡಗುಗಳಲ್ಲಿ ಹೊರಟಾಗ ಹೆಂಗಸರು ತಲುಪಿದ ನೆಲವನ್ನು ಅದು ‘ಮಹಿಲಾದೀಪಕ’ ಎಂದು ಕರೆಯುತ್ತದೆ. ಈ ದ್ವೀಪಗಳನ್ನು ಒಬ್ಬ ರಾಣಿ ಆಳುತ್ತಿದ್ದಳೆಂದು ಅರಬ್ ಬರಹಗಾರರು ಮತ್ತೆ ಮತ್ತೆ ಬರೆದಿರುವುದು ಆ ವ್ಯುತ್ಪತ್ತಿಗೆ ಬಲ ತಂದಿತು. ಮತ್ತೊಂದು ವಿವರಣೆ 1343ರ ಕೊನೆಯಲ್ಲಿ ಇಲ್ಲಿಗೆ ಬಂದು, ಖದೀಜಾ ರಾಣಿಯ ಆಳ್ವಿಕೆಯಲ್ಲಿ ಖಾಜಿಯಾಗಿ, ಅಂದರೆ ಇಸ್ಲಾಮೀ ನ್ಯಾಯಾಧೀಶನಾಗಿ, ಕೆಲಸ ಮಾಡಿದ ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತನಿಂದ ಹೊರಡುತ್ತದೆ. ಅವನು ಈ ದ್ವೀಪಗಳಿಗೆ ‘ದೀಬತ್ ಅಲ್-ಮಹಲ್’ ಎಂಬ ಹೆಸರು ಕೊಟ್ಟು, ಅರಸರು ನೆಲೆಸಿದ್ದ ದ್ವೀಪವನ್ನು ‘ಮಹಲ್’ ಎಂದ. ಅದು ಇಂದಿನ ರಾಜಧಾನಿ ಮಾಲೆ. ಅಂದರೆ ಮಾಲೆಯ ಅರಸನಿಗೆ ಸೇರಿದ ದ್ವೀಪಗಳೇ ಮಾಲೆ-ದ್ವೀಪಗಳು ಎಂಬುದು ಇದರ ತಾತ್ಪರ್ಯ.

ಈ ಮೂರರಲ್ಲಿ ಕೊನೆಯದೇ ಹೆಚ್ಚು ನಂಬಲರ್ಹವಾಗಿ ತೋರುತ್ತದೆ, ಅದಕ್ಕೆ ಕಾರಣವೂ ಇದೆ. ಹಳೆಯ ದಾಖಲೆಗಳಲ್ಲಿ ಮೊದಲು ಕಾಣಿಸುವುದು ‘ಮಾಲ್’ ಅಲ್ಲ, ಬರಿಯ ‘ದೀವ’. ರೋಮನ್ ಇತಿಹಾಸಕಾರ ಅಮ್ಮಿಯಾನಸ್ ಮಾರ್ಸೆಲಿನಸ್, ಕ್ರಿ.ಶ. 362ರಲ್ಲಿ ಜೂಲಿಯನ್ ಚಕ್ರವರ್ತಿಯ ಬಳಿಗೆ ಕಾಣಿಕೆ ಹೊತ್ತು ಬಂದವರಲ್ಲಿ ದಿವಿ ಮತ್ತು ಸೆರೆಂದಿವಿ ಜನಗಳನ್ನು ಹೆಸರಿಸುತ್ತಾನೆ; ಸೆರೆಂದಿವಿ ಎಂದರೆ ಸಿಂಹಳ ದ್ವೀಪ, ದಿವಿ ಎಂದರೆ ಈ ದ್ವೀಪದವರು ಎಂದು ಹಲವು ವಿದ್ವಾಂಸರು ಗುರುತಿಸಿದ್ದಾರೆ. ಪಶ್ಚಿಮ ಸಮುದ್ರದ ನಾವಿಕರಿಗೆ ‘ದೀವ’ ಎನ್ನುವುದು ಸಾಮಾನ್ಯನಾಮವಾಗಿತ್ತು. ಗುಜರಾತಿನ ಕರಾವಳಿಯ ದೀವ್, ಕಾರವಾರದ ಎದುರಿಗೇ ಇರುವ ಅಂಜದೀವ, ಇನ್ನೂ ಕೆಳಗೆ ಅಮಿನ್‌ದಿವಿ, ಲಕ್ಕದೀವ, ಕಡೆಗೆ ಸೆರೆಂದೀಬ್, ಹೀಗೆ ಒಂದೇ ಪದ ಕರಾವಳಿಯುದ್ದಕ್ಕೂ ಮೈಲಿಗಲ್ಲಿನಂತೆ ನೆಟ್ಟಿದೆ. ಎಲ್ಲವೂ ‘ದೀವ’ವೇ ಆದಾಗ ಯಾವ ದೀವ ಎಂದು ಬಿಡಿಸಿ ಹೇಳಲು ಮುಂದೊಂದು ಗುರುತು ಬೇಕಾಗುತ್ತದೆ, ಸರಕು ಕೊಳ್ಳುವವನಿಗೂ ಸುಂಕ ಕಟ್ಟುವವನಿಗೂ ಆ ಗುರುತು ಅರಸನ ಊರೇ. ಹೂಮಾಲೆಯ ಕಲ್ಪನೆ ನಕ್ಷೆ ನೋಡಿದವರದು. ದೋಣಿಯಲ್ಲಿ ಕುಳಿತವನಿಗೆ ಒಂದು ಬಾರಿಗೆ ಒಂದೆರಡು ದ್ವೀಪಗಳಿಗಿಂತ ಹೆಚ್ಚು ಕಾಣುವುದಿಲ್ಲ, ಏಕೆಂದರೆ ಈ ದೇಶದ ಅತಿ ಎತ್ತರದ ನೈಸರ್ಗಿಕ ನೆಲವೂ ಕಡಲ ಮಟ್ಟದಿಂದ ಎರಡೂವರೆ ಮೀಟರ್ ಮೀರುವುದಿಲ್ಲ.

ಹನ್ನೊಂದನೆಯ ಶತಮಾನದ ವಿದ್ವಾಂಸ ಅಲ್ ಬಿರೂನಿ ಇದೇ ‘ದೀವ’ಗಳನ್ನು ಸರಕಿನ ಮೇಲೆ ಎರಡು ಪಾಲು ಮಾಡಿದ: ಕವಡೆ ಸಿಗುವ ದ್ವೀಪಗಳು ಒಂದು ಕಡೆ, ತೆಂಗಿನ ನಾರಿನ ಹಗ್ಗ ಸಿಗುವ ದ್ವೀಪಗಳು ಇನ್ನೊಂದು ಕಡೆ. ಮೊದಲನೆಯದು ಮಾಲ್ಡೀವ್ಸ್, ಎರಡನೆಯದು ಲಕ್ಷದ್ವೀಪ. ಕನ್ನಡದಲ್ಲಿ ಬೆಲೆಯಿಲ್ಲದ್ದನ್ನು ಹೇಳಲು ‘ಕವಡೆ ಕಾಸಿನ ಕಿಮ್ಮತ್ತಿಲ್ಲ’ ಎನ್ನುವ ಮಾತಿದೆ. ಆ ಮಾತಿನೊಳಗೆ ಕವಡೆ ಕಾಸಾಗಿದ್ದ ಕಾಲದ ನೆನಪು ಉಳಿದುಕೊಂಡಿದೆ. ಬಂಗಾಳದ ಪೇಟೆಗಳಲ್ಲಿ ಚಿಲ್ಲರೆ ಹಣವಾಗಿ ಚಲಾವಣೆಯಲ್ಲಿದ್ದ ಕವಡೆಯ ಬಹುಭಾಗ ಈ ದ್ವೀಪಗಳ ತಿಳಿಗೊಳಗಳಿಂದ ಹೋದದ್ದು, ಅದಕ್ಕೆ ಬದಲಾಗಿ ಅಕ್ಕಿ ಬಂದದ್ದು. ದಿವೆಹಿಯಲ್ಲಿ ಇದಕ್ಕೆ ‘ಬೊಲಿ’ ಎನ್ನುತ್ತಾರೆ. ಬೆರಳ ತುದಿಯಷ್ಟೇ ಇರುವ, ಹಳದಿ ಛಾಯೆಯ, ಬೆನ್ನು ಉಬ್ಬಿದ, ಹೊಟ್ಟೆಯಲ್ಲಿ ಹಲ್ಲಿನಂಥ ಸೀಳುಳ್ಳ ಈ ಚಿಪ್ಪು ಚೌಕಾಬಾರ ಆಡಿದ ಯಾವ ಕನ್ನಡಿಗನಿಗೂ ಹೊಸದಲ್ಲ. ನೆಲವೇ ಇಲ್ಲದ ದೇಶವೊಂದು ಬೇರೆ ದೇಶಗಳಿಗೆ ಹಣವನ್ನೇ ಬೆಳೆದು ಕೊಟ್ಟಿತ್ತೆನ್ನುವುದು ಚರಿತ್ರೆಯ ಸಣ್ಣ ಸಂಗತಿಯೇನಲ್ಲ.

ಹೆಸರಿನ ಜೊತೆಗೆ ಒಂದು ಸಂಖ್ಯೆಯೂ ಶತಮಾನಗಳ ಕಾಲ ಅಂಟಿಕೊಂಡು ಬಂದಿದೆ. ಚೋಳ ರಾಜರಾಜನ ಶಾಸನಗಳು ಅವನು ಗೆದ್ದ ನಾಡುಗಳನ್ನು ಹೇಳುವಾಗ ಮುನ್ನೀರಿನ ಹನ್ನೆರಡು ಸಾವಿರ ಹಳೆಯ ದ್ವೀಪಗಳನ್ನು ಸೇರಿಸುತ್ತವೆ. ಕಡಲಿಗೆ ‘ಮುನ್ನೀರ್’ ಎನ್ನುವುದು ಹಳಗನ್ನಡಕ್ಕೂ ಪರಿಚಿತವಾದ ಮಾತೇ. ಆರು ಶತಮಾನಗಳ ನಂತರ, 1602ರಲ್ಲಿ ಹಡಗು ಒಡೆದು ಇಲ್ಲಿ ಸೆರೆ ಸಿಕ್ಕಿ ಐದು ವರ್ಷ ಕಳೆದ ಫ್ರೆಂಚ್ ನಾವಿಕ ಫ್ರಾನ್ಸ್ವಾ ಪಿರಾರ್, ಇಲ್ಲಿನ ಸುಲ್ತಾನ ತನ್ನನ್ನು ಹದಿಮೂರು ಅತೊಳುಗಳ, ಹನ್ನೆರಡು ಸಾವಿರ ದ್ವೀಪಗಳ ಒಡೆಯ ಎಂದು ಕರೆದುಕೊಳ್ಳುತ್ತಿದ್ದನೆಂದು ಬರೆದ. ಎಣಿಸಿದರೆ ದ್ವೀಪಗಳು ಅದರ ಹತ್ತನೆಯ ಒಂದು ಭಾಗವೂ ಇಲ್ಲ. ಆದರೆ ದಿವೆಹಿಯಲ್ಲಿ ಹತ್ತರ ಲೆಕ್ಕದ ಜೊತೆಗೆ ಹನ್ನೆರಡರ ಲೆಕ್ಕವೂ ಬಹುಕಾಲ ಬಳಕೆಯಲ್ಲಿತ್ತು ಎಂಬುದನ್ನು ಗಮನಿಸಿದರೆ, ಹನ್ನೆರಡು ಸಾವಿರವೆಂಬುದು ಎಣಿಕೆಯ ಫಲವಲ್ಲ, ‘ಲೆಕ್ಕಕ್ಕೆ ಸಿಗದಷ್ಟು’ ಎನ್ನುವ ತುಂಬುಸಂಖ್ಯೆ ಎಂದು ತಿಳಿಯುವುದು ಸುಲಭ. ಪಕ್ಕದ ಲಕ್ಷದ್ವೀಪದಲ್ಲಿ ಲಕ್ಷ ದ್ವೀಪಗಳಿಲ್ಲ, ಮೂವತ್ತಾರರ ಆಸುಪಾಸು ಇವೆ ಎನ್ನುವುದನ್ನೂ ಇಲ್ಲಿ ನೆನೆಯಬಹುದು.

ವಿಮಾನ ಇಳಿಯುವುದು ಹುಳುಲೆ ಎಂಬ ದ್ವೀಪದಲ್ಲಿ; 2018ರಲ್ಲಿ ತೆರೆದ ಸೇತುವೆ ಅದನ್ನು ಮಾಲೆಗೆ ಸೇರಿಸುತ್ತದೆ, ಹಳೆಯ ರೂಢಿಯಂತೆ ದೋಣಿಯಲ್ಲೂ ದಾಟಬಹುದು. ಆ ದೋಣಿಗೆ ಅಲ್ಲಿಯೂ ‘ದೋನಿ’ ಎಂದೇ ಹೆಸರು. ರೋಮನ್ ಲಿಪಿಯಲ್ಲಿ ‘ಧೋನಿ’ ಎಂದು ಓದಿಸುವಂತೆ ಬರೆದಿರುವುದರಿಂದ ಹೊರಗಿನವರು ಮಹಾಪ್ರಾಣ ಹಾಕಿ ಉಚ್ಚರಿಸುತ್ತಾರೆ, ಆದರೆ ಅಲ್ಲಿರುವುದು ಕನ್ನಡದ ಸಾದಾ ದಕಾರವೇ. ದಿವೆಹಿ ಎಂಬ ಹೆಸರನ್ನೂ ‘ಧಿವೇಹಿ’ ಎಂದು ಕನ್ನಡದಲ್ಲಿ ಬರೆಯುವುದು ಇದೇ ತಪ್ಪಿನ ಫಲ. ಮಾಲೆ ಎರಡು ಚದರ ಕಿಲೋಮೀಟರ್ ಸುತ್ತಮುತ್ತಲಿನ ನೆಲದಲ್ಲಿ ಮನೆಯ ಮೇಲೆ ಮನೆ ಕಟ್ಟಿ ನಿಂತ ಊರು. ಅದರ ಹೆಸರಿಗೆ ‘ಮಹಾ ಆಲಯ’ದ ಮೂಲವನ್ನು ಪಂಡಿತರು ಹೇಳಿದರೆ, ಊರಿನ ಹಿರಿಯರು ಬೇರೆ ಕಥೆ ಹೇಳುತ್ತಾರೆ: ಮೀನುಗಾರರು ಹಿಡಿದ ಸೂರೆಮೀನನ್ನು ಇಲ್ಲಿನ ಮರಳದಂಡೆಯಲ್ಲಿ ಸೀಳಿ ತೊಳೆಯುತ್ತಿದ್ದಾಗ ನೀರೆಲ್ಲ ಕೆಂಪಾಗುತ್ತಿತ್ತಂತೆ, ಆದ್ದರಿಂದ ‘ಮಾ ಲೇ’, ಅಂದರೆ ಮಹಾ ರಕ್ತ. ಭಾಷಾಶಾಸ್ತ್ರ ಒಪ್ಪಲಿ ಬಿಡಲಿ, ಮೀನಿನಿಂದಲೇ ಬದುಕಿದ ಜನ ತಮ್ಮ ರಾಜಧಾನಿಗೆ ಕಟ್ಟಿಕೊಂಡ ಈ ಕಥೆಯಲ್ಲಿ ಅವರ ಬದುಕಿನ ವಾಸನೆಯಿದೆ.

ಬೀದಿಗಿಳಿದರೆ ಫಲಕಗಳ ಮೇಲೆ ಬಲದಿಂದ ಎಡಕ್ಕೆ ಓಡುವ, ಓರೆಯಾಗಿ ಗೀಚಿದ ಗೆರೆಗಳಂತೆ ಕಾಣುವ ಲಿಪಿ ಎದುರಾಗುತ್ತದೆ. ಇದು ‘ತಾನ’. ಲೋಕದ ಲಿಪಿಗಳಲ್ಲಿ ಇದರ ಹುಟ್ಟು ವಿಶಿಷ್ಟವಾದದ್ದು, ಏಕೆಂದರೆ ಇದರ ಅಕ್ಷರಗಳು ಹುಟ್ಟಿದ್ದು ಅಂಕಿಗಳಿಂದ. ಮೊದಲ ಒಂಬತ್ತು ವ್ಯಂಜನಗಳು ಅರಬ್ಬಿಯ ಒಂದರಿಂದ ಒಂಬತ್ತರವರೆಗಿನ ಅಂಕಿಗಳ ರೂಪದಿಂದ ಬಂದರೆ, ನಂತರದ ಒಂಬತ್ತು ಸ್ಥಳೀಯ ಹಳೆಯ ಅಂಕಿಗಳಿಂದ ಬಂದವು. ಅರಬ್ಬಿಯ ‘ಒಂದು’ ಇಲ್ಲಿ ಹಕಾರ, ‘ಎರಡು’ ಶಕಾರ, ‘ಮೂರು’ ನಕಾರ. ಅಕ್ಷರದ ಬದಲು ಅಂಕಿ ಬರೆದು ಗುಟ್ಟು ಕಾಯುವ ಮಂತ್ರಗಾರರ ಪದ್ಧತಿಯಿಂದ ಇದು ಮೊದಲಾಗಿರಬಹುದೆಂಬ ಊಹೆಯಿದೆ. ಮಾಟಮಂತ್ರದ ಆ ವಿದ್ಯೆಗೆ ದಿವೆಹಿಯಲ್ಲಿ ‘ಫಂಡಿತ’ ಎನ್ನುತ್ತಾರೆ, ಅದು ‘ಪಂಡಿತ’ನ ಮಾತೇ ಹೊರತು ಬೇರೆಯಲ್ಲ. ತಾನಕ್ಕಿಂತ ಮುಂಚೆ ದಕ್ಷಿಣ ಭಾರತದ ಗ್ರಂಥಲಿಪಿಯ ಬಳಗಕ್ಕೆ ಸೇರಿದ, ಕನ್ನಡದಂತೆಯೇ ಎಡದಿಂದ ಬಲಕ್ಕೆ ಸಾಗುವ ‘ದಿವೆಸ್ ಅಕುರು’ ಬಳಕೆಯಲ್ಲಿತ್ತು. ಅಕುರು ಎಂದರೆ ಅಕ್ಷರ. ಬರಹದ ನಡುವೆ ಅರಬ್ಬಿ ಪದಗಳು ಹೆಚ್ಚು ಹೆಚ್ಚಾಗಿ ಬರತೊಡಗಿದಾಗ, ಎರಡು ದಿಕ್ಕಿನಿಂದ ಬರೆಯುವ ತೊಡಕು ತಪ್ಪಿಸಲು ಹದಿನೇಳು, ಹದಿನೆಂಟನೆಯ ಶತಮಾನಗಳ ಸಂಧಿಯಲ್ಲಿ ಬಲದಿಂದ ಎಡಕ್ಕೆ ಸಾಗುವ ತಾನ ನೆಲೆಗೊಂಡಿತು. ಆದರೆ ತಲೆಕಟ್ಟು, ಗುಡಿಸು, ಕೊಂಬುಗಳಂತೆ ಪ್ರತಿ ವ್ಯಂಜನದ ಮೇಲೋ ಕೆಳಗೋ ಸ್ವರಚಿಹ್ನೆ ಕಡ್ಡಾಯವಾಗಿ ಬರಬೇಕೆಂಬ ನಿಯಮ ಮಾತ್ರ ಅರಬ್ಬಿಯ ರೂಢಿಯನ್ನು ಬಿಟ್ಟು ಭಾರತೀಯ ಕಿವಿಗೇ ನಿಷ್ಠವಾಗಿ ಉಳಿಯಿತು. ಇಂದು ಅತೊಳುಗಳ ಆಡಳಿತ ಹೆಸರುಗಳೂ ಈ ವರ್ಣಮಾಲೆಯ ಅಕ್ಷರಗಳೇ: ಹಾ, ಶವಿಯನಿ, ನೂನು, ರಾ, ಬಾ ಎಂದು ಉತ್ತರದಿಂದ ದಕ್ಷಿಣಕ್ಕೆ ಹೋಗುತ್ತ ಹೋದರೆ ಪ್ರವಾಸಿ ತಿಳಿಯದೆಯೇ ಅಕ್ಷರಾಭ್ಯಾಸ ಮಾಡಿ ಮುಗಿಸಿರುತ್ತಾನೆ.

ಮಾಲೆಯ ಹಳೆಯ ಶುಕ್ರವಾರದ ಮಸೀದಿ 1658ರಲ್ಲಿ ಹವಳದ ಕಲ್ಲಿನಿಂದ ಕಟ್ಟಿದ್ದು. ಸಮುದ್ರದಿಂದ ಮೇಲೆತ್ತಿದಾಗ ಮೆತ್ತಗಿದ್ದು ಗಾಳಿಗೆ ಒಣಗಿ ಗಟ್ಟಿಯಾಗುವ ಆ ಕಲ್ಲಿನ ಮೇಲೆ ಬಳ್ಳಿಗಳನ್ನೂ ಅಕ್ಷರಗಳನ್ನೂ ಮರದ ಕೆತ್ತನೆಯಷ್ಟು ನಯವಾಗಿ ಬಿಡಿಸಿದ್ದಾರೆ. ಕಟ್ಟಡ ಮಕ್ಕಾದ ದಿಕ್ಕಿಗೆ ನೇರವಾಗಿಲ್ಲದ ಕಾರಣ ಪ್ರಾರ್ಥನೆಯ ಸಾಲುಗಳು ಒಳಗೆ ಓರೆಯಾಗಿ ಹಾಯುತ್ತವೆ. ಇಸ್ಲಾಂಗಿಂತ ಹಿಂದಿನ ಗುಡಿಯೊಂದರ ಅಡಿಪಾಯದ ಮೇಲೆ ಅದು ನಿಂತಿರುವುದೇ ಇದಕ್ಕೆ ಕಾರಣವೆನ್ನುತ್ತಾರೆ. 1153ರಲ್ಲಿ ಇಲ್ಲಿನ ಬೌದ್ಧ ಅರಸನನ್ನು ಇಸ್ಲಾಮಿಗೆ ತಂದವನು ಯಾರು ಎಂಬ ವಿವಾದವೂ ಅಕ್ಷರದ ವಿವಾದವೇ ಆಗಿದೆ. ಇಬ್ನ್ ಬತೂತ ಮಸೀದಿಯ ಬರಹ ನೋಡಿ ಆತ ‘ಬರ್ಬರಿ’, ಅಂದರೆ ತನ್ನದೇ ಉತ್ತರ ಆಫ್ರಿಕದವನು ಎಂದ. ಸ್ಥಳೀಯ ಚರಿತ್ರೆಗಳು ಆತನನ್ನು ಪರ್ಷಿಯಾದ ‘ತಬ್ರೀಜಿ’ ಎನ್ನುತ್ತವೆ. ಅರಬ್ಬಿಯಲ್ಲಿ ಚುಕ್ಕೆಗಳನ್ನು ಹಾಕದೆ ಬರೆದರೆ ಈ ಎರಡು ಹೆಸರುಗಳ ಗೆರೆ ಹೆಚ್ಚುಕಡಿಮೆ ಒಂದೇ. ಒಂದು ದೇಶದ ಧರ್ಮದ ಮೂಲಪುರುಷ ಎಲ್ಲಿಯವನೆಂಬುದು ಎರಡು ಮೂರು ಚುಕ್ಕೆಗಳ ಮೇಲೆ ನಿಂತಿದೆ.

ಧರ್ಮ ಬದಲಾದ ನಲವತ್ತು ವರ್ಷಗಳ ನಂತರದ ತಾಮ್ರಶಾಸನಗಳು ಉಳಿದುಬಂದಿವೆ. ಅವುಗಳನ್ನು ‘ಲೋಮಾಫಾನು’ ಎನ್ನುತ್ತಾರೆ. 1194-95ರ ಇಸ್ದೂ ಮತ್ತು ದಂಬಿದೂ ದ್ವೀಪಗಳ ಶಾಸನಗಳು ವಿಹಾರಗಳನ್ನು ಕೆಡವಿ ಅವುಗಳ ಆಸ್ತಿಯನ್ನು ಮಸೀದಿಗೆ ಬಿಟ್ಟುಕೊಟ್ಟ ಸಂಗತಿಯನ್ನು ದಾಖಲಿಸುತ್ತವೆ. ಈ ಭಾಷೆಯ ಅತಿ ಹಳೆಯ ದೀರ್ಘ ಬರಹಗಳೆಂದರೆ ಇವೇ. ಬೌದ್ಧ ಕಾಲದ ಹವಳಶಿಲ್ಪಗಳಲ್ಲಿ ಅಳಿದುಳಿದವು ಮಾಲೆಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದ್ದವು, ಆದರೆ 2012ರ ಫೆಬ್ರವರಿಯಲ್ಲಿ ಗುಂಪೊಂದು ಒಳನುಗ್ಗಿ ಅವುಗಳಲ್ಲಿ ಬಹುಪಾಲನ್ನು ಒಡೆದು ಹಾಕಿತು. ಎಂಟು ಶತಮಾನ ಮರಳಿನಡಿ ಉಳಿದದ್ದು ಗಾಜಿನ ಕಪಾಟಿನಲ್ಲಿ ಉಳಿಯಲಿಲ್ಲ. ಆ ನಷ್ಟ ತುಂಬಿ ಬರುವಂಥದಲ್ಲ. ಹಾಗಿದ್ದೂ ಯಾರೂ ಒಡೆಯಲಾಗದ ಸಾಕ್ಷ್ಯವೊಂದು ಅಲ್ಲಿನ ಜನರ ಬಾಯಲ್ಲೇ ಇದೆ.

ದಿವೆಹಿ ಇಂಡೋ-ಆರ್ಯನ್ ಕುಟುಂಬದ ತೀರ ದಕ್ಷಿಣದ ಭಾಷೆ, ಸಿಂಹಳ ಅದರ ಏಕೈಕ ಹತ್ತಿರದ ಬಂಧು. ಜರ್ಮನಿಯ ವಿದ್ವಾಂಸ ವಿಲ್ಹೆಲ್ಮ್ ಗೈಗರ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಸಂಬಂಧವನ್ನು ಶಾಸ್ತ್ರೀಯವಾಗಿ ತೋರಿಸಿ, ದಿವೆಹಿಯನ್ನು ಸಿಂಹಳದಿಂದ ಕವಲೊಡೆದದ್ದೆಂದು ಭಾವಿಸಿದರು. ನಂತರದವರು ಅವೆರಡೂ ಒಂದೇ ತಾಯಿಯಿಂದ ಬಹಳ ಹಿಂದೆಯೇ ಬೇರೆಯಾದ ಸೋದರಿಯರೆಂದು ವಾದಿಸಿದ್ದಾರೆ. ‘ರಶು’ ಎಂಬ ಒಂದು ಪದವನ್ನು ಕೈಯಲ್ಲಿ ಹಿಡಿದು ನೋಡಿದರೆ ಈ ನಂಟು ಕಣ್ಣಿಗೇ ಕಾಣುತ್ತದೆ. ಸಂಸ್ಕೃತದ ‘ರಾಷ್ಟ್ರ’ ಪಾಳಿಯಲ್ಲಿ ‘ರಟ್ಠ’ವಾಗಿ, ಸಿಂಹಳದಲ್ಲಿ ‘ರಟ’ ಆಯಿತು. ಕನ್ನಡನಾಡಿನಲ್ಲೂ ಇದೇ ಪದ ‘ರಟ್ಟ’ ಎಂಬ ರೂಪ ತಳೆದು ರಾಷ್ಟ್ರಕೂಟರ ಮತ್ತು ಸವದತ್ತಿಯ ರಟ್ಟರ ಹೆಸರಿನಲ್ಲಿ ನಿಂತಿದೆ. ದಿವೆಹಿಯಲ್ಲಿ ಹಳೆಯ ಟಕಾರ ಶಕಾರವಾಗುವುದು ನಿಯಮ: ಸಿಂಹಳದವರು ಎಂಟಕ್ಕೆ ‘ಅಟ’ ಎಂದರೆ ಇವರು ‘ಅಶ್’ ಎನ್ನುತ್ತಾರೆ. ಆ ನಿಯಮದಂತೆ ‘ರಟ’ ಇಲ್ಲಿ ‘ರಶು’ ಆಯಿತು. ಆದರೆ ಅದರ ಅರ್ಥ ರಾಷ್ಟ್ರವಲ್ಲ, ದ್ವೀಪ. ಒಂದು ಸುತ್ತು ಹಾಕಲು ಅರ್ಧ ಗಂಟೆಯೂ ಬೇಡದ, ನಡುವೆ ನಿಂತರೆ ಎರಡೂ ಕಡೆಯ ಕಡಲು ಕೇಳಿಸುವ ಮರಳ ತುಣುಕಿಗೆ ಆ ಜನ ರಾಷ್ಟ್ರದ ಹೆಸರನ್ನಿಟ್ಟರು. ವಿಶಾಲ ನೆಲದಿಂದ ಬಂದವರು ಹೊತ್ತು ತಂದ ಪದ, ನೆಲ ಕಿರಿದಾದಾಗ ತಾನೂ ಕಿರಿದಾಯಿತೆನ್ನಬಹುದು. ಬಂದವರಿಗೆ ಆ ತುಣುಕೇ ಇಡೀ ನಾಡಾಗಿತ್ತು ಎಂದೂ ಹೇಳಬಹುದು. ಎರಡನೆಯ ಮಾತೇ ಹೆಚ್ಚು ನಿಜ, ಏಕೆಂದರೆ ಇಂದಿಗೂ ಒಬ್ಬರನ್ನೊಬ್ಬರು ಹೊಸದಾಗಿ ಕಂಡಾಗ ಅಲ್ಲಿ ಕೇಳುವುದು ‘ಯಾವ ರಶು?’ ಎಂದೇ, ಕನ್ನಡದಲ್ಲಿ ‘ಯಾವೂರು?’ ಎಂದು ಕೇಳುವ ಹಾಗೆ.

ಮರದ ವಿಷಯದಲ್ಲೂ ಹೀಗೆಯೇ ಆಗಿದೆ. ‘ವೃಕ್ಷ’ ಪ್ರಾಕೃತದಲ್ಲಿ ‘ರುಕ್ಖ’ವಾಗಿ, ಸಿಂಹಳದಲ್ಲಿ ಯಾವ ಮರಕ್ಕಾದರೂ ಸಲ್ಲುವ ‘ರುಕ’ ಆಗಿದ್ದರೆ, ದಿವೆಹಿಯ ‘ರುಹ್’ ಎಂದರೆ ತೆಂಗಿನ ಮರ ಮಾತ್ರ. ಮನೆಯ ತೊಲೆಗೆ, ದೋನಿಯ ಹಲಗೆಗೆ, ಹಲಗೆ ಹೊಲಿಯುವ ಹಗ್ಗಕ್ಕೆ, ಊಟಕ್ಕೆ, ಎಣ್ಣೆಗೆ, ಕಳ್ಳಿಗೆ ಒಂದೇ ಮರವನ್ನು ನೆಚ್ಚಿದವರಿಗೆ ‘ಮರ’ ಎಂದರೆ ಬೇರೆ ಯಾವುದು ಹೊಳೆದೀತು? ಇದಕ್ಕೆ ವ್ಯತಿರಿಕ್ತವಾಗಿ ಕಡಲಿನ ಮಾತುಗಳು ಹಿಗ್ಗಿವೆ. ಅತೊಳುವಿನ ಹವಳದ ಅಂಚು ‘ಫರು’, ನೀರಿನ ಮಟ್ಟಕ್ಕೆ ಬಹಳ ಹತ್ತಿರ ಬರುವ ದಿಬ್ಬ ‘ಗಿರಿ’, ಇನ್ನೂ ಆಳದಲ್ಲಿ ನಿಲ್ಲುವುದು ‘ತಿಲ’, ನಾಲ್ಕಾರು ಪೊದೆ ಚಿಗುರಿದ ಮರಳದಿನ್ನೆ ‘ಫಿನೊಳು’, ಅತೊಳುಗಳ ನಡುವಿನ ಆಳದ ಹರಿವು ‘ಕಂಡು’. ಬೆಟ್ಟವೇ ಇಲ್ಲದ ದೇಶದಲ್ಲಿ ‘ಗಿರಿ’ ಎಂಬ ಪದ ನೀರಿನಡಿ ಬದುಕಿಕೊಂಡಿರುವುದು, ಅದು ಸಂಸ್ಕೃತದ ಗಿರಿಯೇ ಆಗಿರಲಿ ಬಿಡಲಿ, ಕನ್ನಡಿಗನ ಕಿವಿಯನ್ನು ತಟ್ಟದೆ ಇರದು.

ದಕ್ಷಿಣದ ತುದಿಗೆ, ಭೂಮಧ್ಯರೇಖೆಯಾಚೆಗೆ, ಒಂಟಿಯಾಗಿ ನಿಂತ ಫುವಮ್ಮುಲ ಎಂಬ ದ್ವೀಪಕ್ಕೆ ಹೋದವನಿಗೆ ಇನ್ನೊಂದು ಸಂಗತಿ ಅರಿವಾಗುತ್ತದೆ. ‘ಫುವಹ್’ ಎಂದರೆ ಅಡಿಕೆ. ಸಿಂಹಳದಲ್ಲಿ ಅದು ‘ಪುವಕ್’, ಸಂಸ್ಕೃತದಲ್ಲಿ ‘ಪೂಗ’. ಫ್ರೆಂಚ್ ಸೆರೆಯಾಳು ಪಿರಾರ್ ತನ್ನ ಅತೊಳುಗಳ ಪಟ್ಟಿಯಲ್ಲಿ ಈ ದ್ವೀಪವನ್ನು ‘ಪುವ ಮೊಲುಕ್’ ಎಂದು ಬರೆದುಕೊಂಡಿದ್ದಾನೆ. ಅಂದರೆ ನಾಲ್ಕು ನೂರು ವರ್ಷಗಳ ಹಿಂದೆ ಅವನ ಕಿವಿಗೆ ಬಿದ್ದದ್ದು ಪಕಾರ, ಇಂದು ಕೇಳುವುದು ಫಕಾರ. ಪಾನೀಯ ‘ಫೆನ್’ ಆಗಿ ನೀರನ್ನು ಸೂಚಿಸುತ್ತದೆ, ಐದು ‘ಫಸ್’ ಆಗಿದೆ, ಪಂಡಿತ ‘ಫಂಡಿತ’ವಾದ. ಪಾಲು ಹಾಲಾಗಿ, ಪೂ ಹೂವಾಗಿ, ಪೋಗು ಹೋಗು ಎಂದಾದ ಕನ್ನಡದ ಚರಿತ್ರೆ ಬಲ್ಲವರಿಗೆ ಈ ಬದಲಾವಣೆ ಎಲ್ಲೋ ಕೇಳಿದಂತೆನಿಸುತ್ತದೆ. ಎರಡರ ನಡುವೆ ಚಾರಿತ್ರಿಕ ನಂಟೇನೂ ಇಲ್ಲ. ತುಟಿ ಮುಚ್ಚಿ ಆಡುವ ಧ್ವನಿ ಸಡಿಲಗೊಂಡು ಉಸಿರಾಗಿ ಹರಿಯುವುದು ಮನುಷ್ಯರ ಬಾಯಿಯ ಸ್ವಭಾವ. ಕನ್ನಡದಲ್ಲಿ ಆ ಪ್ರಯಾಣ ಹಕಾರದವರೆಗೆ ಹೋಗಿ ನಿಂತಿತು, ದಿವೆಹಿಯಲ್ಲಿ ಅರ್ಧ ದಾರಿಯಲ್ಲಿದೆ.

ಮಾಲೆಯ ದಿವೆಹಿಗೂ ದಕ್ಷಿಣದ ಅತೊಳುಗಳಾದ ಅದ್ದು, ಹುವದು, ಫುವಮ್ಮುಲಗಳ ದಿವೆಹಿಗೂ ಇರುವ ಅಂತರ ದೊಡ್ಡದು, ರಾಜಧಾನಿಯವರಿಗೆ ದಕ್ಷಿಣದ ಮಾತು ಸುಲಭವಾಗಿ ಅರ್ಥವಾಗುವುದಿಲ್ಲ. ಮಾಲೆ ಬಿಟ್ಟು ಉಳಿದ ದ್ವೀಪಗಳನ್ನೆಲ್ಲ ಒಟ್ಟಾಗಿ ‘ರಾಜ್ಜೆತೆರೆ’, ರಾಜ್ಯದ ಒಳಗು, ಎಂದು ರಾಜಧಾನಿಯವರು ಕರೆಯುತ್ತಾರೆ. ತಾವು ಮಾಲೆ, ಉಳಿದದ್ದು ರಾಜ್ಯ ಎಂಬ ಆ ವಿಂಗಡಣೆಯಲ್ಲಿ ಇಬ್ನ್ ಬತೂತನ ಕಾಲದ ಸಂಬಂಧ ಇನ್ನೂ ಉಸಿರಾಡುತ್ತಿದೆ. ದಕ್ಷಿಣದ ಮೂರು ಅತೊಳುಗಳು 1959ರಲ್ಲಿ ಬೇರೆಯಾಗಿ ನಾಲ್ಕು ವರ್ಷ ಕಾಲ ಸ್ವತಂತ್ರ ಗಣರಾಜ್ಯವಾಗಿ ನಿಂತಾಗ ಆಯ್ದುಕೊಂಡ ‘ಸುವದೀವ್’ ಎಂಬ ಹೆಸರು ಹುವದುವಿನ ಹಳೆಯ ರೂಪ. ಸಕಾರ ಹಕಾರವಾಗುವುದಕ್ಕೂ ಮುಂಚಿನದು. ಹೊಸ ದೇಶ ಕಟ್ಟಲು ಹೊರಟವರು ಭಾಷೆಯ ಹಳೆಯ ಪದರವನ್ನು ಹುಡುಕಿ ತೆಗೆದರು.

ದಿವೆಹಿಯ ಪದಕೋಶ ಬಂದರಿನ ಉಗ್ರಾಣದಂತಿದೆ. ನಮಾಜು ‘ನಮಾದು’ ಆಗಿ, ರೋಜಾ ‘ರೋದ’ ಆಗಿ ಪರ್ಷಿಯನ್ನಿನಿಂದ ಬಂದಿವೆ; ಪೋರ್ಚುಗೀಸರು ಬಿಟ್ಟುಹೋದ ಮೇಜು ಕನ್ನಡದಲ್ಲಿರುವ ಹಾಗೆ ಇಲ್ಲಿಯೂ ‘ಮೇಜು’ವೇ. ದ್ರಾವಿಡ ನುಡಿಗಳ ಅಡಿಪದರವೂ ಇದೆಯೆಂದು ಅಮೆರಿಕದ ಮಾನವಶಾಸ್ತ್ರಜ್ಞ ಕ್ಲಾರೆನ್ಸ್ ಮಲೋನಿ ವಾದಿಸಿದರು. ಮಾಲೆಯ ಬಳಿಯ ಗಿರಾವರು ದ್ವೀಪದ ಜನ ತಮ್ಮನ್ನು ಎಲ್ಲರಿಗಿಂತ ಮೊದಲು ಬಂದವರೆಂದು ಹೇಳಿಕೊಳ್ಳುವುದನ್ನೂ ಅವರು ಆ ವಾದಕ್ಕೆ ಜೋಡಿಸಿದರು. ಆ ಜನರನ್ನು 1968ರಲ್ಲಿ ತಮ್ಮ ದ್ವೀಪ ಬಿಡಿಸಿ ಬೇರೆಡೆಗೆ ಸ್ಥಳಾಂತರಿಸಿದ ಮೇಲೆ ಅವರ ವಿಶಿಷ್ಟ ಮಾತಿನ ರೀತಿ ಮಾಲೆಯ ಮಾತಿನಲ್ಲಿ ಕರಗಿಹೋಯಿತು. ಇದು ಪ್ರವಾಹವಾಗಲಿ ಯುದ್ಧವಾಗಲಿ ಮಾಡಿದ ಕೆಲಸವಲ್ಲ. ಒಂದು ತಲೆಮಾರಿನ ಮಕ್ಕಳು ಬೇರೆ ಬೀದಿಯಲ್ಲಿ ಆಡಿ ಬೆಳೆದರೆ ಸಾಕು, ಒಂದು ನುಡಿಯ ಬಗೆ ಇಲ್ಲವಾಗುತ್ತದೆ.

ಇಂದಿನ ಒತ್ತಡ ಬೇರೆ ಬಗೆಯದು. 1960ರ ದಶಕದಿಂ‌ದ ಶಾಲೆಗಳಿಗೆ ಇಂಗ್ಲಿಷ್ ಮಾಧ್ಯಮ ಬಂದು, ದಿವೆಹಿ ಹಲವು ಪಾಠಗಳ ನಡುವೆ ಒಂದು ವಿಷಯವಾಗಿ ಉಳಿದಿದೆ. 1970ರ ದಶಕದ ನಡುವೆ ಟೆಲೆಕ್ಸ್ ಯಂತ್ರಗಳ ಅನುಕೂಲಕ್ಕೆಂದು ಆಡಳಿತವು ರೋಮನ್ ಲಿಪಿಯನ್ನು ತಂದಿತ್ತು, 1978ರಲ್ಲಿ ಅಧಿಕಾರ ಬದಲಾದ ಮೇಲೆ ತಾನ ಮರಳಿತು. ದಕಾರಕ್ಕೆ ಅನಾವಶ್ಯಕ ಹಕಾರ ಸೇರಿಸುವ ಊರಹೆಸರುಗಳ ಕಾಗುಣಿತ ಆ ಅಲ್ಪಕಾಲದ ಪ್ರಯೋಗದ ಉಳಿಕೆ. ಇನ್ನು ಐದು ಲಕ್ಷ ಮೀರಿದ ಜನಸಂಖ್ಯೆಯಲ್ಲಿ ಸುಮಾರು ಕಾಲು ಭಾಗ ಹೊರದೇಶದವರು. ಮಾಲೆಯ ಮೀನುಪೇಟೆಯಿಂದ ಕಟ್ಟಡದ ಕೆಲಸದವರೆಗೆ ಬಂಗಾಳಿ, ಆಸ್ಪತ್ರೆ ಶಾಲೆಗಳಲ್ಲಿ ಮಲಯಾಳ, ತಮಿಳು ಕಿವಿಗೆ ಬೀಳುತ್ತವೆ. ಹಾಗಿದ್ದೂ ಅಂಗಡಿಯಾತ ಸಮವಯಸ್ಕನಿಗೆ ‘ಆನ್’ ಎಂದು ಹೂಂಗುಟ್ಟಿ, ಅದರ ಬೆನ್ನಿಗೇ ಒಳಬಂದ ಹಿರಿಯರಿಗೆ ‘ಲಬ್ಬ’ ಎಂದು ಮರ್ಯಾದೆಯ ಮಾತಿಗೆ ಹೊರಳುವುದನ್ನು ಕೇಳಿದಾಗ, ಈ ಭಾಷೆಯ ನಯ ಇನ್ನೂ ಸಡಿಲವಾಗಿಲ್ಲವೆಂದು ತಿಳಿಯುತ್ತದೆ.

ದೇಶದ ಉತ್ತರ ತುದಿಯ ದ್ವೀಪದಿಂದ ಇನ್ನೂ ಉತ್ತರಕ್ಕೆ ಸುಮಾರು ನೂರಿಪ್ಪತ್ತೈದು ಕಿಲೋಮೀಟರ್ ನೀರು ದಾಟಿದರೆ ಸಿಗುವುದು ಭಾರತದ ಮಿನಿಕಾಯ್. ಅಲ್ಲಿಯವರು ಅದನ್ನು ಮಲಿಕು ಎನ್ನುತ್ತಾರೆ, ಆಡುವುದು ದಿವೆಹಿಯನ್ನೇ, ಬರೆಯುವುದು ತಾನದಲ್ಲೇ. ಶತಮಾನಗಳ ಕಾಲ ಕಣ್ಣೂರಿನ ಅಲಿ ರಾಜರ ಕೈಯಲ್ಲಿದ್ದ ಈ ದ್ವೀಪ ಬ್ರಿಟಿಷರ ಮೂಲಕ ಭಾರತಕ್ಕೆ ಬಂತು. 1956ರಲ್ಲಿ ಅದನ್ನೂ, ಅಲ್ಲಿಯವರೆಗೆ ಮಂಗಳೂರಿನಿಂದ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿ ಆಡಳಿತ ನಡೆಯುತ್ತಿದ್ದ ಅಮಿನ್‌ದಿವಿ ದ್ವೀಪಗಳನ್ನೂ, ಮಲಬಾರಿಗೆ ಸೇರಿದ್ದ ಲಕ್ಕದೀವಗಳನ್ನೂ ಒಂದುಗೂಡಿಸಿ ಕೇಂದ್ರಾಡಳಿತ ಪ್ರದೇಶ ಮಾಡಲಾಯಿತು, 1973ರಲ್ಲಿ ಲಕ್ಷದ್ವೀಪ ಎಂಬ ಹೆಸರು ಬಂತು. ಅಮಿನಿ, ಕಿಲ್ತಾನ್‌ಗಳಿಂದ ನಾರಿನ ಹಗ್ಗವನ್ನೂ ಕೊಬ್ಬರಿಯನ್ನೂ ಹೊತ್ತು ಬಂದು ಮಂಗಳೂರಿನ ಬಂದರಿನಿಂದ ಅಕ್ಕಿ ಒಯ್ಯುತ್ತಿದ್ದ ಹಾಯಿಹಡಗುಗಳನ್ನು ಕಂಡ ಕರಾವಳಿಯ ಹಿರಿಯರಿಗೆ, ಅಲ್ ಬಿರೂನಿ ಹಗ್ಗದ ದ್ವೀಪಗಳೆಂದದ್ದು ಗ್ರಂಥದ ಮಾತಲ್ಲ, ಕಣ್ಣೆದುರಿನ ವ್ಯಾಪಾರವಾಗಿತ್ತು.

1965ರ ಜುಲೈ 26ರಂದು ಬ್ರಿಟಿಷರ ರಕ್ಷಣೆಯಿಂದ ಹೊರಬಂದ ಮಾಲ್ಡೀವ್ಸ್, ಆ ಸೆಪ್ಟೆಂಬರಿನಲ್ಲಿ ‘ಮಾಲ್ಡೀವ್ ದ್ವೀಪಗಳು’ ಎಂಬ ಹೆಸರಿನಲ್ಲಿ ವಿಶ್ವಸಂಸ್ಥೆ ಸೇರಿ, ಗಣರಾಜ್ಯವಾದ ಮೇಲೆ 1969ರಲ್ಲಿ ‘ದ್ವೀಪಗಳು’ ಎಂಬ ಬಾಲವನ್ನು ಬಿಟ್ಟಿತು. ದ್ವೀಪ ಎಂಬ ಅರ್ಥ ‘ಡೀವ್’ನಲ್ಲೇ ಇದ್ದುದರಿಂದ ಅದು ಎರಡನೆಯ ಬಾರಿ ಹೇಳಿದಂತಾಗಿತ್ತು. 1976ರ ಒಪ್ಪಂದದಲ್ಲಿ ಭಾರತ ಮತ್ತು ಮಾಲ್ಡೀವ್ಸ್ ನಡುವಿನ ಕಡಲಗಡಿ ಗೊತ್ತಾಯಿತು. ಒಂದೇ ನುಡಿಯ ಎರಡು ತೀರಗಳು ಅದರ ಎರಡು ಬದಿಗಿವೆ, ನುಡಿಗೂ ಎರಡು ಹೆಸರುಗಳಿವೆ. ಭಾರತದ ಕಡತಗಳು ಮಿನಿಕಾಯಿಯ ಭಾಷೆಯನ್ನು ಇಂದಿಗೂ ‘ಮಹಲ್’ ಎನ್ನುತ್ತವೆ, ಮೊರಾಕ್ಕೋದ ಆ ಖಾಜಿ ಏಳು ಶತಮಾನಗಳ ಹಿಂದೆ ಅರಸರ ದ್ವೀಪಕ್ಕೆ ಬರೆದಿಟ್ಟ ಹೆಸರು. 1885ರಲ್ಲಿ ಕಟ್ಟಿದ ಬಿಳಿಯ ದೀಪಸ್ತಂಭದ ನೆರಳಿನಲ್ಲಿ ಬಲೆ ಸರಿಮಾಡುತ್ತ ಕುಳಿತ ಮಲಿಕುವಿನ ಮೀನುಗಾರರಿಗೆ ಆ ಹೆಸರು ಗೊತ್ತಿದೆ, ಅರ್ಜಿಗಳಲ್ಲಿ ಅವರೂ ಅದನ್ನೇ ಬರೆಯುತ್ತಾರೆ. ತಮ್ಮ ತಮ್ಮಲ್ಲಿ ಮಾತಾಡುವಾಗ ಮಾತ್ರ ಅದು ದಿವೆಹಿ ಬಸ್. ದಕ್ಷಿಣಕ್ಕೆ ಎದುರಿಗೆ ಹರಡಿರುವ ನೀರು, ಗಡಿಯ ಆಚೆ ದಂಡೆಯಲ್ಲಿ ನಿಂತವರು ಕರೆಯುವಂತೆಯೇ, ಮಲಿಕು ಕಂಡು.